ಆಷಾಢದಲ್ಲೊಂದು ಮೂಕಿ ಚಿತ್ರ

ನನ್ನ ಕಿವಿಯ ಮಿಷನ್ನು ದಿನದ ಬಹುಪಾಲು ಹಳೆಯ ಏಲಕ್ಕಿ ಡಬ್ಬಿಯೊಳಗೆ ಮಲಗಿರುತ್ತದೆ. ಇದನ್ನು ಕೇಳಿ ನೀವು ನಗಬಹುದು. ನಮ್ಮ ಮನೆಯವರು ಮಾತ್ರ ನಗುವುದಿಲ್ಲ, ಸಿಡುಕುತ್ತಾರೆ. "ಕಿವಿಗೆ ಅಂತ ತಂದಿದ್ದನ್ನ ಡಬ್ಬೀಲಿಟ್ರೆ ಡಬ್ಬಿಗೆ ಕೇಳಿಸುತ್ತೇನೇ?" ಎಂದು ದಿನಕ್ಕೊಮ್ಮೆಯಾದರೂ ರೇಗುತ್ತಾರೆ. ರೇಗುವುದೂ ನನಗೆ ಕೇಳಿಸಲಿ ಎಂದು ಹತ್ತಿರ ಬಂದು ರೇಗುತ್ತಾರೆ, ಪಾಪ. ಆದರೆ ಏನು ಮಾಡಲಿ ಹೇಳಿ? ಆ ಪುಟ್ಟ ಯಂತ್ರಕ್ಕೆ ಬೇಕಾದದ್ದು ಯಾವುದು, ಬೇಡವಾದದ್ದು ಯಾವುದು ಎಂಬ ವಿವೇಕವೇ ಇಲ್ಲ. ಪಕ್ಕದ ಮನೆಯ ಮಿಕ್ಸಿ, ಮೇಲಿನ ಮನೆಯವರು ಕುರ್ಚಿ ಎಳೆಯುವುದು, ಬಳ್ಳಾರಿ ರಸ್ತೆಯಲ್ಲಿ ಏರ್‌ಪೋರ್ಟಿನ ಕಡೆ ಓಡುವ ಬಸ್ಸಿನ ಹಾರನ್ನು, ಎಲ್ಲವನ್ನೂ ತಂದು ಕಿವಿಯೊಳಗೆ ಸುರಿಯುತ್ತದೆ. ಎದುರಿಗೆ ಕೂತವರು ಆಡಿದ ಒಂದು ಒಳ್ಳೆಯ ಮಾತನ್ನು ಮಾತ್ರ ಎಲ್ಲಿಯೋ ಬೀಳಿಸಿಕೊಂಡು ಬರುತ್ತದೆ.

ಸೋಜಿಗವೆಂದರೆ, ನಾನು ಕಿವಿಯಿಂದಲೇ ಅನ್ನ ತಿಂದವಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಯಾರದೋ ಹೆರಿಗೆ, ಯಾರದೋ ಸಾವು, ಯಾರದೋ ಕದ್ದು ಮುಚ್ಚಿ ಆಡುವ ಪ್ರೇಮದ ಪಿಸುಮಾತು, ಎಲ್ಲವೂ ನನ್ನ ಕಿವಿಯ ಪಕ್ಕದಲ್ಲೇ ಹಾದು ಹೋಗುತ್ತಿದ್ದವು. ತಂತಿ ಜೋಡಿಸಿ ಪಕ್ಕಕ್ಕೆ ಸರಿಯಬೇಕು, ಕೇಳಿಸಿದರೂ ಕೇಳಿಸಲಿಲ್ಲವೆಂದು ಕೂರಬೇಕು, ಅದು ನಮ್ಮ ಕಸುಬಿನ ಮರ್ಯಾದೆ. ಲೋಕದ ಮಾತಿಗೆಲ್ಲ ಅಷ್ಟು ವರ್ಷ ದಾರಿ ಬಿಟ್ಟುಕೊಟ್ಟ ಕಿವಿಗೆ ಈಗ ಸುಸ್ತಾಗಿದ್ದರೆ ಅದರದೇನೂ ತಪ್ಪಿಲ್ಲವೆಂದು ನಾನು ಸಮಾಧಾನ ಮಾಡಿಕೊಂಡಿದ್ದೇನೆ.

ಈ ಕಿವುಡಿನಿಂದ ಒಂದು ಲಾಭವಾಗಿದೆ, ಹೇಳಿಬಿಡುತ್ತೇನೆ. ಮಗಳು ತಂದುಕೊಟ್ಟ ಟ್ಯಾಬಿನಲ್ಲಿ ಏನನ್ನೋ ಹುಡುಕುತ್ತಿದ್ದಾಗ ಹಳೆಯ ಕಾಲದ ಮೂಕಿ ಚಿತ್ರಗಳು ಸಿಕ್ಕವು. ಆಹಾ, ಅವುಗಳಿಗೂ ನನಗೂ ಎಂಥ ಜೋಡಿ ಅಂತೀರಿ! ಅಲ್ಲಿ ಯಾರೂ ಮಾತಾಡುವುದಿಲ್ಲ, ಇಲ್ಲಿ ಯಾರಿಗೂ ಕೇಳಿಸಬೇಕಾಗಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಮಿಷನ್ನು ತೆಗೆದು ಡಬ್ಬಿಗೆ ಹಾಕಿ, ದಿಂಬಿಗೆ ಒರಗಿ ನೋಡಲು ಕೂತರೆ ನನ್ನಷ್ಟು ಸುಖಿ ಸಹಕಾರನಗರದಲ್ಲಿ ಇನ್ನೊಬ್ಬರಿಲ್ಲ.

ಅವುಗಳಲ್ಲಿ ಒಂದು, ಆರಂಭದ ಭಾಗ ಹರಿದುಹೋಗಿ ಹೆಸರೇ ಉಳಿಯದ ಒಂದು ಹಾಸ್ಯಚಿತ್ರ, ನನಗೆ ವಿಶೇಷವಾಗಿ ಇಷ್ಟ. ಹೊಸದಾಗಿ ಮದುವೆಯಾದ ಗಂಡು ಹೆಣ್ಣು. ಹೆಂಡತಿಯನ್ನು ಬೆರಗಾಗಿಸಬೇಕೆಂದು ಗಂಡ ತನ್ನ ಪೊದೆಮೀಸೆಯನ್ನು ಬೋಳಿಸಿಕೊಂಡು ಬಂದು ಅಡುಗೆಮನೆಯಲ್ಲಿ ಹಾಲು ಕುಡಿಯುತ್ತಾ ಕೂರುತ್ತಾನೆ. ಹೊರಗಿನಿಂದ ಬಂದ ಹೆಂಡತಿ ಯಾರೋ ಪರಪುರುಷ ನುಗ್ಗಿದ್ದಾನೆಂದು ಛತ್ರಿಯಲ್ಲಿ ಬಾರಿಸುತ್ತಾಳೆ. ಕಿಟಕಿಯಲ್ಲಿ ಇಣುಕಿದ ಮನೆಯ ಮಾಲೀಕನಿಗೆ ಅವರ ಕಾದಾಟ ಸರಸದಂತೆ ಕಾಣುತ್ತದೆ. ಅವನು ಪೊಲೀಸಿನವನನ್ನು ಕರೆಯುತ್ತಾನೆ. ತನ್ನ ಮನೆಗೆ ತಾನೇ ನುಗ್ಗಿದ ಅಪರಾಧಕ್ಕೆ ಗಂಡ ಲಾಕಪ್ಪು ಸೇರುತ್ತಾನೆ. ಕೊನೆಗೆ ಬ್ರಷ್ಷಿನ ಕೂದಲು ಕಿತ್ತು ಮೂಗಿನ ಕೆಳಗೆ ಅಂಟಿಸಿಕೊಂಡ ಮೇಲಷ್ಟೇ ಆ ಪುಣ್ಯಾತ್ಗಿತ್ತಿಗೆ ಗುರುತು ಸಿಗುವುದು. ನೋಡಿದಾಗಲೆಲ್ಲ ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ, ಜೊತೆಗೆ ಬೈಯುತ್ತಲೂ ಇದ್ದೆ. ಇವಳೆಂಥ ಹೆಂಡತಿ, ಗಂಡನನ್ನು ಮದುವೆಯಾದಳೋ ಮೀಸೆಯನ್ನು ಮದುವೆಯಾದಳೋ ಎಂದು. ಇಷ್ಟು ಸುಲಭವಾಗಿ ಯಾರಾದರೂ ಒಬ್ಬರನ್ನು ಇನ್ನೊಬ್ಬರೆಂದು ತಿಳಿಯುತ್ತಾರೆಯೇ ಎಂಬುದು ನನ್ನ ತಕರಾರಾಗಿತ್ತು.

ತಿಳಿಯುತ್ತಾರೆ. ಹೋದ ವರ್ಷದ ಆಷಾಢದಲ್ಲಿ ನನ್ನ ಕಣ್ಣೆದುರಿಗೇ, ನಮ್ಮ ಮನೆಯ ಪಕ್ಕದ ಪಾರ್ಕಿನಲ್ಲೇ ಅದು ನಡೆಯಿತು.

ಅದಕ್ಕೂ ಮೊದಲು ನಮ್ಮ ಮದುವೆಗಳ ವಿಷಯ ಒಂದಿಷ್ಟು ಹೇಳಬೇಕು. ಮದುಮಗನನ್ನು ನಾವು ನೋಡುವುದಾದರೂ ಎಷ್ಟು? ಧಾರೆಯ ಹೊತ್ತಿಗೆ ತಲೆಗೆ ಪೇಟ, ಹಣೆಗೆ ಬಾಸಿಂಗ, ಕುತ್ತಿಗೆಯಿಂದ ಮೊಣಕಾಲಿನವರೆಗೆ ಹಾರ. ಅವೆಲ್ಲದರ ಸಂದಿಯಲ್ಲಿ ಎಲ್ಲೋ ಒಂದು ಮೂಗು ಕಾಣುತ್ತದೆ. ಆರತಕ್ಷತೆಯಲ್ಲಾದರೂ ನೋಡೋಣವೆಂದರೆ ಮುಖಕ್ಕೆ ಪೌಡರು, ಮೈಗೆ ಸೂಟು, ಮೇಲಿನಿಂದ ಕಣ್ಣು ಕುಕ್ಕುವ ದೀಪ. ಸಾಲಿನಲ್ಲಿ ನಿಂತು ವೇದಿಕೆ ಹತ್ತಿ, ಕೈಯಲ್ಲಿದ್ದದ್ದನ್ನು ಕೊಟ್ಟು, ಫೋಟೋದವನ ಕಡೆ ಹಲ್ಲು ಬಿಟ್ಟು, ಊಟದ ಹಾಲಿಗೆ ಇಳಿದುಬಿಡುತ್ತೇವೆ. ಎದುರು ಮನೆಯ ಚೈತ್ರಾಳ ಮದುವೆ ಯಲಹಂಕದ ಹತ್ತಿರದ ಛತ್ರದಲ್ಲಿ ಆದಾಗ ನಾನೂ ಇದನ್ನೇ ಮಾಡಿದೆ. ಅಂದಿನ ಹೋಳಿಗೆ ಹೇಗಿತ್ತೆಂದು ಕೇಳಿ, ಈಗಲೂ ಹೇಳುತ್ತೇನೆ. ಹುಡುಗ ಹೇಗಿದ್ದನೆಂದು ಕೇಳಿದರೆ, ಇದ್ದ, ಚೆನ್ನಾಗಿಯೇ ಇದ್ದ ಎನ್ನುವುದಕ್ಕಿಂತ ಹೆಚ್ಚು ನನ್ನಿಂದ ಹೊರಡುವುದಿಲ್ಲ.

ಚೈತ್ರಾ ನಮ್ಮ ಕಣ್ಣ ಮುಂದೆಯೇ ಬೆಳೆದ ಹುಡುಗಿ. ತಂದೆ ಬೇಗ ಹೋದರು. ತಾಯಿ ಪ್ರಮೀಳಾ ಆಫೀಸು, ಮನೆ ಎರಡನ್ನೂ ಒಬ್ಬಳೇ ಎಳೆದು ಮಗಳನ್ನು ಓದಿಸಿದಳು. ಮೊದಲು ಒಂದು ಸಂಬಂಧ ಕುದುರಿ, ನಿಶ್ಚಿತಾರ್ಥಕ್ಕೆ ಸೀರೆ ತಂದ ಮೇಲೆ ಮುರಿದುಹೋಗಿತ್ತು. ಯಾರೋ ಏನೋ ಅಂದರಂತೆ. ಯಾರು, ಏನು ಎಂಬುದು ಇವತ್ತಿಗೂ ಗೊತ್ತಾಗಿಲ್ಲ. ಆಗ ಪ್ರಮೀಳಾ ನಮ್ಮ ಮನೆಯ ಸೋಫಾದ ಮೇಲೆ ಕೂತು ಅತ್ತದ್ದು ನನಗೆ ಮಿಷನ್ನಿಲ್ಲದೆಯೂ ಕೇಳಿಸಿತ್ತು. ಆದ್ದರಿಂದ ಬ್ಯಾಟರಾಯನಪುರದ ಈ ಸಂಬಂಧ ಕೂಡಿಬಂದಾಗ ನಾನು ನಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದ್ದೆ. ಹುಡುಗನ ಮನೆಯವರು ಹಳೆಯ ಊರಿನ ಬೇಸಾಯಗಾರರು. ಹೊಲವಿದ್ದ ಕಡೆ ಈಗ ಅವರವೇ ಕಟ್ಟಡಗಳು ನಿಂತಿವೆ. ಕಟ್ಟಡ ಎದ್ದರೂ ಮನೆಯೊಳಗಿನ ಕಟ್ಟುಪಾಡು ಅಲುಗಿರಲಿಲ್ಲ. ಅತ್ತೆ ಗೌರಮ್ಮನವರು ಆಷಾಢ ಹುಟ್ಟುವ ಮುನ್ನಾದಿನ ಸೊಸೆಯನ್ನು ತಾವೇ ಕಾರಿನಲ್ಲಿ ಕರೆತಂದು ತವರಿಗೆ ಬಿಟ್ಟರು. ನಾನು ಆಗ ಅಲ್ಲೇ ಇದ್ದೆ.

"ಒಂದ್ ತಿಂಗ್ಳು ಗಂಡ ಎಂಡ್ತಿ ಮಕ ನೋಡ್ಕಳಂಗಿಲ್ಲ ಕಣವ್ವ," ಎಂದು ಚೈತ್ರಾಳ ತಲೆ ನೇವರಿಸಿ ಹೇಳಿದರು. "ನಮ್ಮತ್ತೆ ಕಾಲ್ದಿಂದ ಯಾರೂ ಮೀರಿಲ್ಲ. ನೀವೂ ಮೀರ್‌ಬ್ಯಾಡಿ. ಮೀರಿದ್ರೆ ನಾನಂತೂ ಸುಮ್ಕಿರಕ್ಕಿಲ್ಲ."

ಬ್ಯಾಟರಾಯನಪುರಕ್ಕೂ ಸಹಕಾರನಗರಕ್ಕೂ ಎಷ್ಟು ದೂರ, ನಿಮಗೆ ಗೊತ್ತೇ ಇದೆ. ಬೈಕು ಸ್ಟಾರ್ಟ್ ಮಾಡಿ ಹಾಡೊಂದು ಗುನುಗಿ ಮುಗಿಸುವುದರೊಳಗೆ ಬಂದುಬಿಡಬಹುದು. ಹಿಂದಿನ ಕಾಲದಲ್ಲಿ ತವರೆಂದರೆ ಗಾಡಿ ಕಟ್ಟಿಕೊಂಡು ಹೋಗುವ ಊರು, ವಿರಹಕ್ಕೂ ಒಂದು ಘನತೆ ಇತ್ತು. ಇದು ಅಲ್ಲೇ ಮೇಲ್ಸೇತುವೆಯ ಆಚೆ ಈಚೆಯ ವಿರಹ. ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು, ಅಳಿಯ ಅತ್ತೆಯ ಮುಖ ನೋಡಬಾರದು ಎಂದು ಶಾಸ್ತ್ರ ಎಲ್ಲ ಬಾಗಿಲನ್ನೂ ಮುಚ್ಚಿತ್ತು. ಪಾರ್ಕಿನ ಗೇಟನ್ನು ಮುಚ್ಚುವುದು ಮಾತ್ರ ಅದಕ್ಕೆ ಹೊಳೆದಿರಲಿಲ್ಲ.

ಆಷಾಢ ಅರ್ಧ ಕಳೆದಿತ್ತೇನೋ. ಒಂದು ಸಾಯಂಕಾಲ ನಮ್ಮ ಮನೆಯವರು ವಾಕಿಂಗ್ ಮುಗಿಸಿ ಬಂದವರು ಚಪ್ಪಲಿ ಬಿಡುವ ಮೊದಲೇ ನನ್ನ ಕೈಗೆ ಏಲಕ್ಕಿ ಡಬ್ಬಿ ಕೊಟ್ಟರು. ಅಂದರೆ ವಿಷಯ ಗಹನವಾದದ್ದೇ.

"ಪ್ರಮೀಳಾ ಮಗಳು ದಿನಾ ಪಾರ್ಕಲ್ಲಿ ಯಾವನೋ ಹುಡುಗನ ಜೊತೆ ಕೂತಿರ್ತಾಳೆ ಕಣೇ. ಮೂರ್ತಿ ತೋರಿಸಿದ್ರು. ನಾನೂ ನೋಡ್ದೆ. ಗಡ್ಡದವನು, ಬೈಕಲ್ಲಿ ಬರ್ತಾನೆ."

"ಅದಕ್ಕೆ?" ಎಂದೆ.

"ಅದಕ್ಕೆ ಏನು? ನಾಳೆ ಇಬ್ಬರನ್ನೂ ಎದುರಿಗೇ ನಿಲ್ಲಿಸಿ ಕೇಳ್ತಾರಂತೆ. ಆಮೇಲೆ ಅವಳ ಗಂಡನ ಮನೆಗೆ ಫೋನು. ಮೂರ್ತಿಯವರ ತಮ್ಮ ಅವರ ಬಿಲ್ಡಿಂಗಲ್ಲೇ ಅಲ್ವಾ ಬಾಡಿಗೆಗಿರೋದು, ನಂಬರ್ ಇದೆ."

ಮೂರ್ತಿಯವರು ಕೆಟ್ಟವರಲ್ಲ, ನೀವು ಹಾಗೆ ತಿಳಿಯಬೇಡಿ. ನಮ್ಮ ಪಾರ್ಕಿನ ಹಿರಿಯರ ಗುಂಪಿಗೆ ಅವರೇ ಮುಂದಾಳು. ದೀಪ ಕೆಟ್ಟರೆ ಓಡಾಡಿ ಸರಿ ಮಾಡಿಸುವವರು, ಯಾರಿಗಾದರೂ ತಲೆ ಸುತ್ತಿದರೆ ಆಟೋ ತರುವವರು ಅವರೇ. ಆದರೆ ಉಪಕಾರ ಮಾಡಿ ಮಾಡಿ ಅಭ್ಯಾಸವಾದವರಿಗೆ ಯಾವುದನ್ನು ಬಿಟ್ಟುಬಿಡಬೇಕೆಂಬುದು ಮರೆತುಹೋಗುತ್ತದೆ. ಆ ಒಂದು ಫೋನು ಹೋದರೆ ಚೈತ್ರಾ ಶ್ರಾವಣಕ್ಕೆ ಗಂಡನ ಮನೆಗೆ ಮರಳುತ್ತಾಳೋ ಇಲ್ಲವೋ ಎಂದು ನನಗೆ ಭಯವಾಯಿತು. ಹಿಂದೊಮ್ಮೆ ಯಾರೋ ಆಡಿದ ಮಾತಿಗೇ ಆ ಹುಡುಗಿಯ ಬದುಕು ಮುಗ್ಗರಿಸಿತ್ತು. ಈ ಸಲ ಆ ಯಾರೋ ನಮ್ಮ ಮನೆಯ ಯಜಮಾನರಾಗುವುದು ನನಗೆ ಸುತರಾಂ ಬೇಡವಾಗಿತ್ತು.

ಮರುದಿನ ಸಾಯಂಕಾಲ ಕಾಫಿ ಲೋಟ ಹಿಡಿದು ಮಹಡಿಯ ಕಿಟಕಿಯಲ್ಲಿ ಕೂತೆ. ಮಿಷನ್ನು ಡಬ್ಬಿಯಲ್ಲಿತ್ತು. ಕೆಳಗೆ ಹೊಂಗೆಯ ಮರದಡಿಯ ಕಲ್ಲುಬೆಂಚಿನ ಮೇಲೆ ಚೈತ್ರಾ ಕೂತಿದ್ದಳು; ಸ್ವಲ್ಪ ಹೊತ್ತಿಗೆ ಆ ಗಡ್ಡದ ಹುಡುಗ ಬಂದ. ಅವರ ಒಂದು ಮಾತೂ ನನಗೆ ಕೇಳುವಂತಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಇಷ್ಟು ದಿನ ಟ್ಯಾಬಿನ ಮುಂದೆ ಕೂತು ಕಲಿತ ವಿದ್ಯೆ ಅವತ್ತು ಕೈಹಿಡಿಯಿತು.

ಅವಳು ಡಬ್ಬಿ ತೆರೆದು ಕೋಡುಬಳೆ ಕೊಟ್ಟಳು. ಅವನು ತಿಂದ, ಮತ್ತೆ ತಿಂದ, ಕೊನೆಯದೊಂದು ಉಳಿದಾಗ ಅವಳ ಮುಖವನ್ನೂ ನೋಡದೆ ಅದನ್ನೂ ಬಾಯಿಗೆ ಹಾಕಿಕೊಂಡ. ನನಗೆ ಮೊದಲ ಅನುಮಾನ ಬಂದದ್ದು ಅಲ್ಲೇ. ಪ್ರೇಮಿಯಾದವನು ಕೊನೆಯ ಕೋಡುಬಳೆಯನ್ನು ಅರ್ಧ ಮಾಡುತ್ತಾನೆ, ನೀನು ತಗೋ ಎನ್ನುತ್ತಾನೆ, ಒಂದು ನಾಟಕವನ್ನಾದರೂ ಆಡುತ್ತಾನೆ. ಅವಳು ಮುನಿಸಿಕೊಂಡಳೆಂದುಕೊಂಡಿರಾ? ಇಲ್ಲ, ಅವನ ಕಾಲರನ್ನು ಹಿಡಿದೆಳೆದು ಮೂಸಿ ನೋಡಿ, ಕೈ ಆಡಿಸಿ ಬೈದಳು. ಒಗೆಯದ ಅಂಗಿ, ಇನ್ನೇನು! ಅವನು ಸೊಂಟಕ್ಕೆ ಸೆರಗು ಸಿಕ್ಕಿಸಿದ ಹಾಗೆ ಮಾಡಿ, ಬೆರಳು ಎತ್ತಿ ಯಾರನ್ನೋ ಅಣಕಿಸಿದ. ಅದು ಗೌರಮ್ಮನವರೇ ಎಂದು ನಾನು ಇಲ್ಲಿಂದಲೇ ಗುರುತು ಹಿಡಿದೆ. ಅವಳು ನಕ್ಕಳು, ಅವನು ಬಾಯಿಗೆ ಕೈ ಅಡ್ಡವಿಟ್ಟು ಮೊಣಕಾಲಿನವರೆಗೆ ಬಗ್ಗಿ ನಕ್ಕ. ಆಮೇಲೆ ಏನೋ ಮಾತಿಗೆ ಮಾತು ಬೆಳೆದು ಜಗಳವಾಯಿತು. ಅವನು ಸಿಟ್ಟಿನಲ್ಲಿ ಬಲಗಾಲಿನ ಚಪ್ಪಲಿ ಬಿಚ್ಚಿ ಮತ್ತೆ ಹಾಕಿಕೊಂಡ, ಮತ್ತೆ ಬಿಚ್ಚಿದ. ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಹಾಕಿದರು, ಆದರೆ ಯಾರೂ ಬೆಂಚು ಬಿಟ್ಟು ಏಳಲಿಲ್ಲ. ಹಾಗೆ ಕೂತಿದ್ದಾಗಲೇ ಅವಳು ತಿರುಗಿಯೂ ನೋಡದೆ ನೀರಿನ ಬಾಟಲಿಯನ್ನು ಹಿಂದಕ್ಕೆ ಚಾಚಿದಳು, ಅವನೂ ತಿರುಗಿ ನೋಡದೆ ತೆಗೆದುಕೊಂಡು ಕುಡಿದ.

ಅಯ್ಯೋ ಶಿವನೇ, ಇವನು ಗಂಡ ಅಲ್ಲದಿದ್ದರೆ ಇನ್ಯಾರು ಗಂಡ! ಮುಖ ನೋಡಿ ಗುರುತು ಹಿಡಿಯಲಾಗದ ನಾನು ಆ ನೀರಿನ ಬಾಟಲಿ ನೋಡಿ ಗುರುತು ಹಿಡಿದೆ. ಲಗ್ನಪತ್ರಿಕೆ, ಫೋಟೋ, ವೇದಿಕೆ ಎಲ್ಲವೂ ಒಂದು ಹಗಲಿನ ಮಾತು. ಮನುಷ್ಯ ಯಾರೆಂಬುದು ಅವನು ಮುನಿಸಿಕೊಂಡು ಕೂತಾಗ ಏನು ಮಾಡುತ್ತಾನೆ ಎಂಬುದರಲ್ಲೇ ಇರುತ್ತದೇನೋ ಎಂದು ನನಗೆ ಆಗ ಅನ್ನಿಸಿತು. ಆ ಹುಡುಗನ ಗಡ್ಡ ಕೂಡ ಹೆಂಡತಿ ಮನೆಯಲ್ಲಿಲ್ಲದ ಹದಿನೈದು ದಿನದ ಬೆಳೆಯೇ ಇರಬೇಕು.

ಅಷ್ಟರಲ್ಲಿ ಮೂರ್ತಿಯವರು ಬೆಂಚಿನ ಮುಂದೆ ಬಂದು ನಿಂತದ್ದು ಕಂಡಿತು. ಹಿಂದೆ ನಮ್ಮ ಮನೆಯವರು. ನಾನು ಮಿಷನ್ನನ್ನು ಕಿವಿಗೆ ಸಿಕ್ಕಿಸಿಕೊಂಡು, ಕಾಲಿಗೆ ಸಿಕ್ಕಿದ ಚಪ್ಪಲಿ ಮೆಟ್ಟಿ, ಮೆಟ್ಟಿಲು ಇಳಿದು ಹೋದೆ.

"ಸರ್, ನಾನು ಇವಳ ಗಂಡ ಸರ್," ಎಂದು ಹುಡುಗ ಹೇಳುತ್ತಿದ್ದ.

"ಎಲ್ಲಾರೂ ಹಂಗೇ ಅನ್ನೋದು," ಎಂದರು ಮೂರ್ತಿ. "ಆಷಾಢ ನಡೀತಿದೆ, ಗೊತ್ತೇನಯ್ಯಾ? ನೀನು ಇವಳ ಗಂಡ ಆಗಿದ್ರೆ ಇಲ್ಲಿಗೆ ಬರ್ತಾನೇ ಇರ್ಲಿಲ್ಲ."

ಈ ತರ್ಕಕ್ಕೆ ಏನು ಹೇಳುತ್ತೀರಿ! ಹೆಂಡತಿಯನ್ನು ನೋಡಲು ಬಂದದ್ದೇ ಅವನು ಗಂಡನಲ್ಲ ಎನ್ನುವುದಕ್ಕೆ ಸಾಕ್ಷಿಯಾಗಿತ್ತು. ಚೈತ್ರಾ ಮೊಬೈಲಿನ ಮದುವೆ ಫೋಟೋ ತೋರಿಸಿದಳು. ಮೂರ್ತಿಯವರು ಕನ್ನಡಕ ಏರಿಸಿ ಫೋಟೋ ನೋಡಿದರು, ಹುಡುಗನನ್ನು ನೋಡಿದರು, ಮತ್ತೆ ಫೋಟೋ ನೋಡಿದರು. ಫೋಟೋದಲ್ಲಿ ಪೇಟ, ಬಾಸಿಂಗ, ಹಾರ, ನುಣ್ಣನೆಯ ಕೆನ್ನೆ.

"ಈ ಹುಡುಗ ಬೆಳ್ಳಗಿದಾನಮ್ಮ. ಮದುವೆಗೆ ನಾನೇ ಬಂದಿದ್ದೆ, ಸ್ಟೇಜ್ ಹತ್ತಿ ಕೈ ಕುಲುಕಿದೀನಿ. ನನಗೇ ಹೇಳ್ತೀಯಾ?" ಎಂದು ಜೇಬಿನಿಂದ ಫೋನು ತೆಗೆದರು.

"ಸರ್, ಫೋನ್ ಮಾತ್ರ ಮಾಡ್ಬೇಡಿ ಸರ್, ಅಮ್ಮಂಗೆ ಗೊತ್ತಾದ್ರೆ..." ಎಂದು ಹುಡುಗ ಕೈಮುಗಿದ.

"ನೋಡಿದ್ರಾ, ಹೆದರ್ಕೊಂಡ!" ಎಂದರು ಮೂರ್ತಿ ನಮ್ಮ ಮನೆಯವರ ಕಡೆ ತಿರುಗಿ. ಸುತ್ತ ವಾಕಿಂಗಿನವರು ನಿಂತು ನೋಡತೊಡಗಿದ್ದರು. ಚೈತ್ರಾ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. ಪ್ರಮೀಳಾ ಇನ್ನೂ ಆಫೀಸಿನಿಂದ ಬಂದಿರಲಿಲ್ಲ.

ಅವನು ಗಂಡನೇ ಎಂದು ನಾನು ಸಾಧಿಸಿದರೆ ಹುಡುಗಿಯ ಮಾನ ಉಳಿಯುತ್ತದೆ, ಆದರೆ ಆಷಾಢ ಮುರಿದ ಸೊಸೆಯನ್ನು ಗೌರಮ್ಮನವರು ಸುಮ್ಮನೆ ಬಿಡುವುದಿಲ್ಲ. ಸುಮ್ಮನಿದ್ದರೆ ಹುಡುಗಿಯ ಮಾನವೇ ಹೋಗುತ್ತದೆ. ಮೂಕಿ ಚಿತ್ರದಲ್ಲಾದರೆ ಇಂಥ ಹೊತ್ತಿಗೆ ಯಾರಾದರೂ ಜಾರಿ ಬಿದ್ದು ಎಲ್ಲರೂ ನಗುತ್ತಾರೆ. ಇಲ್ಲಿ ಯಾರೂ ಬೀಳಲಿಲ್ಲ. ಮೂರ್ತಿಯವರು ನಂಬರ್ ಒತ್ತಿಯೇಬಿಟ್ಟರು, ಯಾವಾಗಲೂ ಮಾಡುವಂತೆ ಸ್ಪೀಕರ್ ಹಾಕಿದರು, ಆ ಕಡೆಯಿಂದ ಗೌರಮ್ಮನವರದೇ ದನಿ ಬಂತು.

"ಅಲೋ, ಯಾರು? ಯಜಮಾನ್ರು ಒರಗಡೆ ಓಗವ್ರೆ."

"ಅಮ್ಮಾ, ನಾನು ಸಹಕಾರನಗರದಿಂದ ಮೂರ್ತಿ. ಬೇಜಾರು ಮಾಡ್ಕೋಬೇಡಿ, ನಿಮ್ಮ ಸೊಸೆ ಇಲ್ಲಿ ಪಾರ್ಕಲ್ಲಿ ಯಾವನೋ ಹುಡುಗನ ಜೊತೆ ಕೂತಿದ್ಲು. ಅವನು ಗಂಡ ಅಂತ ಸುಳ್ಳು ಬೇರೆ ಹೇಳ್ತಿದಾನೆ."

ನಾನು ಮುಂದೆ ಹೋಗಿ ಫೋನಿಗೆ ಬಾಯಿ ಕೊಟ್ಟೆ. "ಗೌರಮ್ಮನೋರೇ, ನಾನು ಎದುರು ಮನೆಯವಳು. ಮದುವೇಲಿ ನಿಮ್ಮ ಪಕ್ಕ ಕೂತು ಊಟ ಮಾಡಿದ್ನಲ್ಲ? ಹುಡುಗ ಯಾರು ಅಂತ ನಾನು ಹೇಳಲ್ಲ. ಕಿಟಕೀಲಿ ಕಂಡಿದ್ದಷ್ಟೇ ಹೇಳ್ತೀನಿ. ಕೊನೇ ಕೋಡುಬಳೇನ ಯಾರನ್ನೂ ಕೇಳ್ದೆ ತಾನೇ ತಿಂದ. ನಗೋವಾಗ ಬಾಯಿಗೆ ಕೈ ಇಟ್ಕೊಂಡು ಬಗ್ಗಿಬಿಡ್ತಾನೆ. ಸಿಟ್ಟು ಬಂದ್ರೆ ಚಪ್ಪಲಿ ಬಿಚ್ಚಿ ಬಿಚ್ಚಿ ಹಾಕ್ಕೋತಾನೆ."

ಆಮೇಲೆ ಗೌರಮ್ಮ ಮೆಲ್ಲಗೆ ಕೇಳಿದರು: "ಬಲಗಾಲ್ದಾ?"

"ಬಲಗಾಲಿಂದೇ."

ಹುಡುಗ ಕಣ್ಣು ಮುಚ್ಚಿಕೊಂಡ. ಹೆತ್ತವಳಿಗೆ ಇನ್ನು ಫೋಟೋ ಬೇಕಾಗಿರಲಿಲ್ಲ ಎಂಬುದು ಅವನಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ಇನ್ನು ಬರುವುದು ಬೈಗುಳವೋ ಶಾಪವೋ ಎಂದು ನಾನು ಮಿಷನ್ನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.

"ಅವ್ನು ನಮ್ ತಂಗಿ ಮಗ ಕಣಪ್ಪಾ," ಎಂದರು ಗೌರಮ್ಮ. "ನಾನೇ ಕಳ್ಸಿದ್ದು. ಆಷಾಢದಾಗೆ ನಾನು ಬರಂಗಿಲ್ಲ, ನನ್ ಮಗನೂ ಬರಂಗಿಲ್ಲ. ಸೊಸೆ ಎಂಗವ್ಳೆ, ಒಟ್ಟೆಗ್ ಸರ್ಯಾಗ್ ತಿಂತಾವ್ಳಾ, ನೋಡ್ಕಂಡ್ ಬಾರ್ಲಾ ಅಂದಿದ್ದೆ."

"ಮತ್ತೆ ಗಂಡ ಅಂತ ಯಾಕಮ್ಮ ಅಂದ?"

"ನೀವೆಲ್ಲಾ ಸುತ್ಕಂಡ್ರೆ ಎದರ್ಕಂಡು ಏನೋ ಒದರಿರ್ತಾನೆ. ನನ್ ಮಗ ಇಲ್ಲೇ ಟೀವಿ ಮುಂದೆ ಕುಂತವ್ನೆ." ಮತ್ತೂ ಹೇಳಿದರು. ಈ ಸಲ ದನಿ ಗಟ್ಟಿಯಾಗಿತ್ತು. "ನೋಡಪ್ಪಾ, ನನ್ ಸೊಸೆ ತಲೆ ಎತ್ಕಂಡು ಮನೆಗೋಗ್ಲಿ. ಅವ್ಳ ಬಗ್ಗೆ ಯಾರೂ ಏನೂ ಅನ್ನಂಗಿಲ್ಲ. ಆ ನಮ್ ತಂಗಿ ಮಗನ್ನ ನಾಳೀಕೂ ಕಳುಸ್ತೀನಿ."

ಫೋನು ಕಟ್ಟಾಯಿತು. ಚೈತ್ರಾ ಮುಖದಿಂದ ದುಪಟ್ಟಾ ತೆಗೆದಳು. ಹುಡುಗ ಮಾತ್ರ ಆ ಕತ್ತಲಾದ ಫೋನನ್ನೇ ನೋಡುತ್ತಾ ನಿಂತಿದ್ದ, ಅವನ ಕಣ್ಣು ಒದ್ದೆಯಾಗಿತ್ತು. ನನ್ನ ಕಣ್ಣೂ ಒದ್ದೆಯಾಯಿತು, ಮುಚ್ಚಿಡುವುದೇಕೆ? ಎಷ್ಟೋ ವರ್ಷ ಊರಿನ ಮಾತನ್ನೆಲ್ಲ ಕೇಳಿಯೂ ಕೇಳದಂತೆ ಕೂತವಳು ನಾನು. ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವುದರ ಬೆಲೆ ನನಗಿಂತ ಚೆನ್ನಾಗಿ ಆ ಹೆಂಗಸಿಗೆ ತಿಳಿದಿತ್ತು. ಅತ್ತೆಯ ಕಾಲದಿಂದ ಬಂದ ಶಾಸ್ತ್ರವನ್ನು ಬಿಟ್ಟುಕೊಡಲು ಅವರಿಗಾಗಲಿಲ್ಲ, ಸೊಸೆಯನ್ನು ಬಿಟ್ಟುಕೊಡಲೂ ಆಗಲಿಲ್ಲ. ಎರಡನ್ನೂ ಉಳಿಸಲು ಹೆತ್ತ ಮಗನನ್ನೇ ತಂಗಿಯ ಮಗನನ್ನಾಗಿ ಮಾಡಿಬಿಟ್ಟರು. ಅವರಿಗೂ ಎಂದೋ ಒಂದು ಮೊದಲ ಆಷಾಢ ಇದ್ದಿರಬೇಕು.

"ನಾನು ಮೊದಲೇ ಹೇಳ್ಲಿಲ್ವಾ, ಇವನು ಗಂಡ ಅಲ್ಲ ಅಂತ!" ಎಂದರು ಮೂರ್ತಿ. ಆಮೇಲೆ ಚೈತ್ರಾಳ ಕಡೆ ತಿರುಗಿ, "ತಪ್ಪು ತಿಳ್ಕೋಬೇಡಮ್ಮಾ, ನಿನ್ನ ಒಳ್ಳೇದಕ್ಕೇ..." ಎಂದು ಮಾತು ನುಂಗಿದರು. ನಮ್ಮ ಮನೆಯವರು ದಾರಿಯುದ್ದಕ್ಕೂ ನನ್ನ ಮುಖ ನೋಡಲಿಲ್ಲ. ಮನೆಗೆ ಬಂದ ಮೇಲೆ ಕಾಫಿಯನ್ನು ತಾವೇ ಮಾಡಿಕೊಟ್ಟರು.

ಆಷಾಢ ಮುಗಿಯುವವರೆಗೂ ತಂಗಿಯ ಮಗ ದಿನಾ ಬಂದ. ಬರುವಾಗ ಅವನ ದೊಡ್ಡಮ್ಮ ಕಟ್ಟಿಕೊಟ್ಟ ಒಬ್ಬಟ್ಟೋ ಚಕ್ಕುಲಿಯೋ ಕೈಯಲ್ಲಿರುತ್ತಿತ್ತು. ಮೂರ್ತಿಯವರು ತಾವೇ ನಿಂತು ಆ ಬೆಂಚನ್ನು ಬೇರೆಯವರು ಹಿಡಿಯದಂತೆ ಕಾಯುತ್ತಿದ್ದರು. ಅವರಿಗೆ ನಿಜ ಗೊತ್ತಾಗಿತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು, ಕೇಳುವ ಗೋಜಿಗೂ ಹೋಗಿಲ್ಲ. ಅಮಾವಾಸ್ಯೆ ಹತ್ತಿರವಾಗಿದ್ದ ಒಂದು ಸಾಯಂಕಾಲ ನಾನೂ ಅಲ್ಲೇ ಇದ್ದೆ, ಅವರು ಬೆಂಚಿನ ಹತ್ತಿರ ನಿಂತು, "ಏನಪ್ಪಾ, ನಿಮ್ಮಣ್ಣ ಹೇಗಿದಾನೆ?" ಎಂದು ಕೇಳಿದರು.

ಹುಡುಗ ಚೈತ್ರಾಳ ಕಡೆ ನೋಡಲಿಲ್ಲ. "ಚೆನ್ನಾಗಿದಾನೆ ಸರ್," ಎಂದ. "ಹೆಂಡ್ತಿ ಇಲ್ದೆ ಮನೇಲಿ ಇರಕ್ಕೇ ಆಗ್ತಿಲ್ವಂತೆ."

ಚೈತ್ರಾ ತಟ್ಟನೆ ಹೊಂಗೆಯ ಮರದ ಕಡೆ ಮುಖ ತಿರುಗಿಸಿದಳು.

"ಪಾಪ," ಎಂದರು ಮೂರ್ತಿ. "ಇನ್ನೇನು ಶ್ರಾವಣ ಬಂತು, ಧೈರ್ಯವಾಗಿರು ಅಂತ ನಾನು ಹೇಳ್ದೆ ಅಂತ ಹೇಳಪ್ಪಾ."

"ಹೇಳ್ತೀನಿ ಸರ್," ಎಂದ ಹುಡುಗ.